ಹದಿನೈದು ದಿನಕ್ಕೆ ಅಂತ ಹೋದವರು

ಎಲ್ಲರಿಗೂ ನಮಸ್ಕಾರ. ಕಕ್ಕಡ ತಿಂಗಳ ಮಳೆ ಬಿಡದೆ ಹೊಡೀತಾ ಇದೆ, ನಿಮ್ಮಲ್ಲಿ ಕರೆಂಟ್ ಇಲ್ಲದಿದ್ರೂ ಬ್ಯಾಟರಿ ರೇಡಿಯೋ ಆದ್ರೂ ಹಾಕಿರ್ತೀರಿ ಅನ್ಕೊಂಡು ಶುರು ಮಾಡ್ತೀನಿ. ನಮ್ಮ ಕೊಡಗಿಗೆ ಸಮುದ್ರ ಇಲ್ಲ, ಆದ್ರೂ ಇವತ್ತು ಹೇಳೋದು ಕಡಲ ಬಂಡೆಗಳ ಕಥೆನೇ.

ನೈದಿಲೆ ಕೊಳದ ಚಿತ್ರಗಳನ್ನ ಬರೆದ ಫ್ರಾನ್ಸ್‌ನ ಕ್ಲೋಡ್ ಮೊನೆ ಹೆಸರು ಕೇಳಿರ್ತೀರಿ. ಅವ್ರು 1886ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸ್‌ನದೇ ಬ್ರಿಟನಿ ಕರಾವಳಿಯ ಆಚೆ ಇರೋ ಬೆಲ್ ಈಲ್ ದ್ವೀಪಕ್ಕೆ ಹೋದ್ರು, ಒಂದು ಹದಿನೈದು ದಿನ ಇದ್ದು ಬರೋಣ ಅಂತ. ವಾಪಸ್ ಬಂದಿದ್ದು ನವೆಂಬರ್ ಕೊನೆಗೆ! ಉಳ್ಕೊಂಡಿದ್ದು ಬೆರಳೆಣಿಕೆ ಮನೆಗಳ ಒಂದು ಹಳ್ಳೀಲಿ. ಹತ್ತಿರದಲ್ಲೇ ಪೋರ್ ಕೊತೊನ್ ಅನ್ನೋ ಜಾಗ, ಕೊತೊನ್ ಅಂದ್ರೆ ಹತ್ತಿ, ಅಲೆ ಬಂಡೆಗೆ ಬಡಿದು ನೊರೆ ಹತ್ತಿ ಥರ ಹಾರುತ್ತಂತೆ, ಅದಕ್ಕೇ ಆ ಹೆಸರು ಅಂತಾರೆ. ನೀರಿನಿಂದ ಸೂಜಿ ಹಾಗೆ ಎದ್ದು ನಿಂತ ಕಪ್ಪು ಕಲ್ಲುಗಳು.

ಮೊನೆ ಚಿಕ್ಕಂದಿನಲ್ಲಿ ಬೆಳೆದಿದ್ದೇ ಲೆ ಹಾವ್ರ್ ಬಂದರಿನಲ್ಲಿ, ಸಮುದ್ರ ಅವ್ರಿಗೆ ಹೊಸದಲ್ಲ. ಆದ್ರೆ ಈ ಅಟ್ಲಾಂಟಿಕ್ ಮುಂದೆ ಕೈಗೆ ಕೂತಿದ್ದ ಹಳೇ ರೂಢಿ ಯಾವುದೂ ನಡೀಲಿಲ್ಲ. ಸಮುದ್ರ ಬರೀಬೇಕು ಅಂದ್ರೆ ಒಂದೇ ಜಾಗದಲ್ಲಿ ಕೂತು ದಿನಾ, ಹೊತ್ತು ಹೊತ್ತಿಗೂ ನೋಡ್ಬೇಕು ಅಂತ ಪತ್ರದಲ್ಲಿ ಬರೆದ್ರು. ಗಾಳಿ ಮಳೆ ಬಿರುಗಾಳಿ ಎಲ್ಲಾದರ ನಡುವೆ ಸುಮಾರು 40 ಕ್ಯಾನ್ವಾಸ್ ಹಿಡ್ಕೊಂಡು ಕೂತ್ರು. ಅಷ್ಟೂ ಸಾಮಾನು ಹೊರೋಕೆ ಅಲ್ಲಿನ ಪೋಲಿ ಅನ್ನೋ ಹೆಸರಿನ ಮೀನುಗಾರ ಜೊತೇಲಿದ್ದ, ಮೊನೆ ಅವನ ಮುಖಾನೂ ಬರೆದಿದಾರೆ. ನಂಗೆ ಆ ಬಂಡೆಗಳಿಗಿಂತ ಆ ಮುಖಾನೇ ಜಾಸ್ತಿ ಇಷ್ಟ.

ನಾನು ಮಳೆಗಾಲ ಬಂತು ಅಂದ್ರೆ ಪೇಂಟಿಂಗ್ ಡಬ್ಬ ಎತ್ಕೊಂಡು ಮೈಸೂರಿಗೆ ಓಡ್ತಿದ್ದೆ. ಇಲ್ಲಿ ಹಾಳೆ ಉಬ್ಬುತ್ತೆ, ಬೂಷ್ಟು ಹಿಡಿಯುತ್ತೆ, ವಾಟರ್ ಕಲರ್ ಬೆಳಿಗ್ಗೆ ಹಚ್ಚಿದ್ರೆ ಸಂಜೆಗೂ ಒಣಗಲ್ಲ, ಹೊರಗೆ ನೋಡಿದ್ರೆ ಮಂಜು ಬಿಟ್ರೆ ಏನೂ ಕಾಣಲ್ಲ. ಈ ಬೆಲ್ ಈಲ್ ಕಥೆ ಓದಿದ ಮೇಲೆ ಹೋದ ವರ್ಷ ಓಡ್ಲಿಲ್ಲ. ಭಾಗಮಂಡಲದ ಹತ್ರ ಅತ್ತೆ ಮನೆ ಇದೆ, ಅಲ್ಲಿ ಮಹಡಿ ಕಿಟಕಿ ಮುಂದೆ ಕೂತೆ, ಇಡೀ ಕಕ್ಕಡ, ಅದೇ ಒಂದು ಗದ್ದೆ. ಮೊದಲ ವಾರ ಬರೆದಿದ್ದೆಲ್ಲಾ ಒಂದೇ ಬೂದಿ ಬಣ್ಣ, ಅಳು ಬಂದ್ಬಿಡ್ತು. ಆಮೇಲೆ ನಿಧಾನಕ್ಕೆ ಗೊತ್ತಾಯ್ತು, ಬೆಳಗಿನ ಮಂಜಿನಲ್ಲಿ ನೀಲಿ ಇದೆ, ಮಧ್ಯಾಹ್ನ ಮಳೆ ಜೋರಾದಾಗ ಹಸಿರು ಬೆರೆಯುತ್ತೆ, ನಾಟಿಗೆ ಮುಂಚೆ ಗದ್ದೆ ನೀರು ಆಕಾಶದ್ದೇ ಬಣ್ಣ, ನಾಟಿ ಆದ ಮಾರನೇ ದಿನ ಬೇರೆ. ಪ್ಲಾಸ್ಟಿಕ್ ಕೊಪ್ಪೆ ಹಾಕ್ಕೊಂಡು ಬಗ್ಗಿ ನೆಡ್ತಿದ್ದವರ ಬೆನ್ನು ಮಾತ್ರ ಹಳದಿ, ಕೆಂಪು ಚುಕ್ಕೆ.

ಒದ್ದೆ ಹಾಳೆಗಳನ್ನ ಅತ್ತೆ ಒಲೆ ಮೇಲಿನ ಅಟ್ಟಕ್ಕೆ ಹರಡಿ ಒಣಗಿಸಿ ಕೊಡ್ತಿದ್ರು. ಅಂಚಿಗೆಲ್ಲಾ ಹೊಗೆ ಕೂತು ಚೂರು ಕಂದು ಆಗಿದೆ, ನಾನು ಅದನ್ನ ಕತ್ತರಿಸಿಲ್ಲ, ಹಾಗೇ ಫ್ರೇಮ್ ಹಾಕ್ಸಿದೀನಿ. ಅತ್ತೆ ಮುಖ ಬರೀಬೇಕು ಅನ್ಕೊಂಡಿದ್ದೆ, ಕೆಲಸ ಇದೆ ಅಂತ ಎದ್ದು ಹೋಗ್ತಿದ್ರು, ಒಂದ್ಸಲಾನೂ ಆಗ್ಲಿಲ್ಲ.

ನಾಳಿದ್ದು ಮತ್ತೆ ಅಲ್ಲಿಗೇ ಹೊರಟಿದೀನಿ. ನಿನ್ನೆ ಅತ್ತೆ ಫೋನ್ ಮಾಡಿದ್ರು, ಒಣ ಸೌದೆ ಒಳಗೆ ಹಾಕ್ಸಿ ಇಟ್ಟಿದೀನಿ, ಹಾಳೆ ಎಷ್ಟು ಬೇಕೋ ಅಷ್ಟು ತಗೊಂಡು ಬಾ ಅಂದ್ರು.