ಮಗುಚಿ ಬಿದ್ದ ಕಂಪ್ಯೂಟರ್, ಅಜ್ಜಿಯ ಹಾಡು

ಕೇಳುಗರೇ, ನಮಸ್ಕಾರ.

ಅಡಿಕೆ ಸುಗ್ಗಿಯಲ್ಲಿ ಮಲೆನಾಡಿನ ಮನೆ ಹೇಗಿರುತ್ತದೆ ಅಂತ ನಿಮಗೆ ಗೊತ್ತೇ ಇದೆ. ಅಂಗಳದಲ್ಲಿ ಅಡಿಕೆ, ಜಗಲಿ ತುಂಬ ಗೋಣಿಚೀಲ, ಕಾಲಿಡಲು ಜಾಗ ಇಲ್ಲ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಆಗ ಕಂಪ್ಯೂಟರಿನ ಪೆಟ್ಟಿಗೆ ಜಗಲಿ ಮೂಲೆಯಲ್ಲಿ, ನೆಲದ ಮೇಲೇ ಇತ್ತು. ಆ ಪೆಟ್ಟಿಗೆಯನ್ನು ನಾವೆಲ್ಲ ಸಿಪಿಯು ಅಂತಲೇ ಕರೆಯುತ್ತೇವೆ, ಅಲ್ವಾ? ಒಂದು ಸಂಜೆ ನಾನು ಅದರಲ್ಲಿ ಅಡಿಕೆ ಮಾರುವ ಮಂಡಿಯ ಲೆಕ್ಕ ಬರೆಯುತ್ತಿದ್ದೆ. ಅಣ್ಣ ಎಳೆಯುತ್ತಿದ್ದ ಅಡಿಕೆ ಚೀಲ ಬಡಿದು ಪೆಟ್ಟಿಗೆ ಮಗುಚಿ ಬಿತ್ತು.

ಪರದೆ ಕಪ್ಪಾಯಿತು. ಗಾಬರಿಯಲ್ಲಿ ಗುಂಡಿ ಒತ್ತಿದೆ. ಫ್ಯಾನ್ ತಿರುಗಿತು, ಬೀಪ್ ಬೀಪ್ ಅಂತ ಕೂಗಿತು, ಪರದೆಯಲ್ಲಿ ಏನೂ ಬರಲಿಲ್ಲ. ಐದಾರು ಸಲ ಹೀಗೇ ಒತ್ತಿದೆ. ಅದು ದೊಡ್ಡ ತಪ್ಪು. ಒಳಗೆ ಏನಾದರೂ ಕಳಚಿ ಇನ್ನೊಂದಕ್ಕೆ ತಾಗಿದ್ದರೆ ಶಾರ್ಟ್ ಆಗುತ್ತದೆ. ಸುಟ್ಟ ವಾಸನೆ ಬಂದರಂತೂ ಮತ್ತೆ ಗುಂಡಿ ಮುಟ್ಟಲೇಬಾರದು.

ಮೊದಲು ಪ್ಲಗ್ ಕೀಳಿ. ಯುಪಿಎಸ್ ಇದ್ದರೆ ಅದರಿಂದಲೂ ಬಿಡಿಸಿ. ಆಮೇಲೆ ಪವರ್ ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಉಳಿದ ಕರೆಂಟ್ ಹೋಗುತ್ತದೆ. ಪಕ್ಕದ ಮುಚ್ಚಳ ತೆಗೆದು, ಪೆಟ್ಟಿಗೆಯ ಬಣ್ಣ ಇಲ್ಲದ ಲೋಹ ಮುಟ್ಟಿ. ಇಲ್ಲದಿದ್ದರೆ ನಮ್ಮ ಮೈಯ ಸ್ಥಿರ ವಿದ್ಯುತ್ತು ಒಳಗಿನ ಚಿಪ್ ಗಳನ್ನು ಕೆಡಿಸಬಹುದು. ಆಮೇಲೆ ಟಾರ್ಚ್ ಹಿಡಿದು ನಿಧಾನ ನೋಡಿ.

ನಮ್ಮದರಲ್ಲಿ ಕೆಲಸದ ಹೊತ್ತಿನ ನೆನಪು ಇಡುವ ರ್‍ಯಾಮ್ ಪಟ್ಟಿಯ ಒಂದು ತುದಿಯ ಕೊಕ್ಕೆ ಬಿಟ್ಟುಕೊಂಡಿತ್ತು. ಬೀಪ್ ಕೂಗಿದ್ದು ಅದಕ್ಕೇ. ಬೀಪ್ ಎಷ್ಟು ಸಲ ಬಂದರೆ ಏನರ್ಥ ಅನ್ನುವುದು ಒಂದೊಂದು ಕಂಪನಿಗೆ ಒಂದೊಂದು ರೀತಿ, ಎಲ್ಲ ಭಾಗಗಳೂ ಕೂತಿರುವ ದೊಡ್ಡ ಹಲಗೆ, ಅಂದರೆ ಮದರ್‌ಬೋರ್ಡಿನ ಪುಸ್ತಕದಲ್ಲಿ ಬರೆದಿರುತ್ತದೆ. ಪಟ್ಟಿಯನ್ನು ಪೂರ್ತಿ ತೆಗೆದು, ಟಕ್ ಅನ್ನುವವರೆಗೆ ಒತ್ತಿ ಕೂರಿಸಿದೆ. ನಮ್ಮ ಮಳೆಗಾಲದ ತೇವಕ್ಕೆ ಅದರ ಚಿನ್ನದ ಬಣ್ಣದ ಅಂಚು ಮಂಕಾಗಿತ್ತು. ಮಕ್ಕಳ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿದ್ದೆ.

ಗ್ರಾಫಿಕ್ಸ್ ಕಾರ್ಡನ್ನೂ ಹಾಗೇ ತೆಗೆದು ಕೂರಿಸಿ. ಡಿಸ್ಕಿನ ವೈರು, ಮಾನಿಟರ್ ವೈರು ಎರಡೂ ತುದಿ ಒತ್ತಿ ನೋಡಿ. ಚಾಲೂ ಆಗಿ ಸ್ವಲ್ಪ ಹೊತ್ತಿಗೇ ತಾನಾಗಿ ಆಫ್ ಆದರೆ ಪ್ರೊಸೆಸರ್ ಮೇಲಿನ ಫ್ಯಾನಿನ ಪಿನ್ ಕಳಚಿರಬಹುದು, ಬಿಸಿ ಜಾಸ್ತಿಯಾಗಿ ನಿಲ್ಲುತ್ತದೆ. ತಾರೀಖು ಹಿಂದಕ್ಕೆ ಹೋಗಿದ್ದರೆ ಬಿಲ್ಲೆಯಂಥ 3 ವೋಲ್ಟ್ ಸೆಲ್ ನೋಡಿ. ಎಸ್‌ಎಂಪಿಎಸ್ ಅನ್ನುವ, ಕರೆಂಟ್ ಒದಗಿಸುವ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಹೊಡೆಯುವಷ್ಟು ಕರೆಂಟ್ ಉಳಿದಿರುತ್ತದೆ.

ಪರದೆ ಬಂತು. ಮನೆಯವರೆಲ್ಲ ಉಸಿರು ಬಿಟ್ಟರು. ಆದರೆ ಒಳಗಿಂದ ಟಿಕ್, ಟಿಕ್ ಅಂತ ಹೊಸ ಸದ್ದು. ಅದು ಹಾರ್ಡ್ ಡಿಸ್ಕ್, ನಾವು ಉಳಿಸಿಟ್ಟದ್ದೆಲ್ಲ ಇರುವ ಜಾಗ.

ಈ ಡಿಸ್ಕಿನೊಳಗೆ ಕನ್ನಡಿಯಂಥ ತಟ್ಟೆಗಳಿವೆ. ಡೆಸ್ಕ್‌ಟಾಪ್ ಡಿಸ್ಕುಗಳಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 7200 ಸುತ್ತು, ಅಂದರೆ ಸೆಕೆಂಡಿಗೆ 120. ಓದುವ ಮುಳ್ಳು ಆ ತಟ್ಟೆಗೆ ತಾಗದೆ ಗಾಳಿಯಲ್ಲಿ ತೇಲುತ್ತದೆ. ನಡುವಿನ ಸಂದು ತಲೆಗೂದಲಿನ ದಪ್ಪದ ಸಾವಿರದ ಒಂದು ಪಾಲಿಗಿಂತ ಕಡಿಮೆ. ಆಫ್ ಆಗಿದ್ದಾಗ ಮುಳ್ಳು ಬದಿಗೆ ಸರಿದು ಕೂತಿರುತ್ತದೆ, ಹೊಡೆತ ಅಷ್ಟು ತಾಗುವುದಿಲ್ಲ. ತಿರುಗುವಾಗ ಬಿದ್ದರೆ ಮುಳ್ಳು ತಟ್ಟೆಯನ್ನು ಗೀರಬಹುದು. ಗೀರಿದಲ್ಲಿ ಪುಡಿ ಏಳುತ್ತದೆ, ಆ ಪುಡಿ ಇನ್ನಷ್ಟು ಗೀರುತ್ತದೆ. ಅಂಥ ಡಿಸ್ಕಿಗೆ ಉಳಿದಿರುವ ಹೊತ್ತು ಬಹಳ ಕಡಿಮೆ.

ವಿಂಡೋಸ್ ಡಿಸ್ಕ್ ಪರೀಕ್ಷೆ ಮಾಡಲು ಹೊರಟಿತ್ತು. ನಿಲ್ಲಿಸಿದೆ. ಆ ಪರೀಕ್ಷೆ ಡಿಸ್ಕಿನ ಮೇಲೆ ಮುಳ್ಳನ್ನು ಇನ್ನಷ್ಟು ಓಡಾಡಿಸುತ್ತದೆ, ಗಾಯದ ಮೇಲೆ ಓಡಿಸಿದ ಹಾಗೆ. ಹೊರಗಿನ ಡಿಸ್ಕ್ ಸಿಕ್ಕಿಸಿ ನಕಲು ಮಾಡಲು ಕೂತೆ. ಕೈ ಮೊದಲು ಹೋಗಿದ್ದು ಮಂಡಿ ಲೆಕ್ಕದ ಕಡೆಗೆ. ಆಗ ಅಮ್ಮ ಹಿಂದಿನಿಂದ ಕೇಳಿದರು, “ಅಜ್ಜಿ ಹಾಡು ಅದರಲ್ಲೇ ಇದ್ಯಲ್ಲೋ?”

ಹೌದು. ಅಜ್ಜಿ ತೀರಿಕೊಳ್ಳುವ ಮುಂಚೆ ಹಾಡಿದ ಸೋಬಾನೆ ಹಾಡುಗಳು ಅದರಲ್ಲಿದ್ದವು. ಬೇರೆಲ್ಲೂ ಇರಲಿಲ್ಲ. ಲೆಕ್ಕ ಮಂಡಿಯ ಪುಸ್ತಕದಲ್ಲೂ ಇರುತ್ತದೆ, ಕೇಳಿದರೆ ಕೊಡುತ್ತಾರೆ. ಹಾಡುಗಳನ್ನು ಮೊದಲು ಎಳೆದೆ, ಆಮೇಲೆ ಫೋಟೋ, ಆಮೇಲೆ ಲೆಕ್ಕ. ಲೆಕ್ಕ ಅರ್ಧ ಆಗುವಾಗ ಟಿಕ್ ಟಿಕ್ ಜೋರಾಗಿ ಡಿಸ್ಕ್ ನಿಂತೇಹೋಯಿತು. ಮತ್ತೆ ಎದ್ದಿಲ್ಲ.

ನಿಮ್ಮ ಡಿಸ್ಕ್ ಮೊದಲೇ ಹೀಗೆ ನಿಂತಿದ್ದರೆ, ಬೇಕೇಬೇಕಾದ್ದು ಅದರಲ್ಲಿದ್ದರೆ, ತಕ್ಷಣ ಆಫ್ ಮಾಡಿ ಡೇಟಾ ತೆಗೆದುಕೊಡುವವರ ಹತ್ತಿರ ಒಯ್ಯಿರಿ. ಖರ್ಚು ಜಾಸ್ತಿ, ಸಿಕ್ಕೇಸಿಗುತ್ತದೆ ಅನ್ನುವ ಖಾತ್ರಿಯೂ ಇಲ್ಲ. ಮನೆಯಲ್ಲಿ ಬಿಚ್ಚಲೇಬೇಡಿ. ಒಂದು ಕಣ ಧೂಳು ಕೂಡ ಆ ಸಂದಿಗಿಂತ ದೊಡ್ಡದು.

ನಮ್ಮ ಪೆಟ್ಟಿಗೆ ಈಗ ಮೇಜಿನ ಮೇಲಿದೆ. ಒಳಗೆ ತಿರುಗುವ ತಟ್ಟೆ ಇಲ್ಲದ ಎಸ್‌ಎಸ್‌ಡಿ ಹಾಕಿಸಿದ್ದೇವೆ. ಹಾಡುಗಳ ಇನ್ನೊಂದು ಪ್ರತಿ ಶಿವಮೊಗ್ಗದಲ್ಲಿ ಅಕ್ಕನ ಮನೆಯಲ್ಲಿದೆ. ಮೊನ್ನೆ ಅಕ್ಕನ ಮಗಳು ಅದನ್ನು ಕೇಳಿಕೊಂಡು ಎರಡು ಸೋಬಾನೆ ಕಲಿತಿದ್ದಾಳೆ.

ನಮಸ್ಕಾರ.