ನಕ್ಷೆಯಲ್ಲಿ ಖಾಲಿ ಉಳಿದ ಜಾಗ

ಎಲ್ಲರಿಗೂ ನಮಸ್ಕಾರ. ಹಳೆ ಶಿಲಾಯುಗದ ನೆಲೆಗಳ ಅಧ್ಯಯನದಲ್ಲಿ ಜಿಐಎಸ್, ಅಂದರೆ ಭೌಗೋಳಿಕ ಮಾಹಿತಿ ವ್ಯವಸ್ಥೆಯ ಬಳಕೆ ಅಂತ ವಿಷಯ ಕೊಟ್ಟಿದ್ದಾರೆ. ಸಾಫ್ಟ್‌ವೇರ್ ಪಾಠ ಮಾಡೋದಿಲ್ಲ, ಹೆದರಬೇಡಿ.

ಪರದೆ ಮೇಲಿನ ನಕ್ಷೆ ನೋಡಿ. ಇದು ಪಾಠಕ್ಕೆ ಅಂತ ನಾನೇ ಬರೆದುಕೊಂಡದ್ದು, ಯಾವ ಊರಿನದೂ ಅಲ್ಲ. ಕೆಂಪು ಚುಕ್ಕೆ ಇರುವ ಕಡೆ ಕಲ್ಲಿನ ಉಪಕರಣ ಸಿಕ್ಕಿವೆ ಅಂದುಕೊಳ್ಳಿ. ಚುಕ್ಕೆಗಳೆಲ್ಲ ನದಿಯ ಪಕ್ಕ ಗುಂಪಾಗಿವೆ. ಆ ಕಾಲದ ಜನ ನೀರಿನ ಹತ್ತಿರವೇ ಇರುತ್ತಿದ್ದರು ಅಂತ ಅನ್ನಿಸುತ್ತದೆ, ಅಲ್ವಾ? ಈಗ ಇದರ ಮೇಲೆ ರಸ್ತೆಗಳ ಪದರ ಹಾಕುತ್ತೇನೆ. ನೋಡಿ, ಚುಕ್ಕೆಗಳು ರಸ್ತೆಗೂ ಅಷ್ಟೇ ಹತ್ತಿರ ಇವೆ! ಹತ್ತು ಲಕ್ಷ ವರ್ಷದ ಹಿಂದೆ ರಸ್ತೆ ಎಲ್ಲಿತ್ತು? ಈ ಚುಕ್ಕೆಗಳಲ್ಲಿ ಅರ್ಧ ಕಥೆ ಅವರದು, ಇನ್ನರ್ಧ ನಮ್ಮ ಜೀಪಿನದು.

ಜಿಐಎಸ್ ಅಂದರೆ ಇಷ್ಟೇ. ಒಂದೇ ನೆಲದ ಬೇರೆ ಬೇರೆ ಮಾಹಿತಿಯನ್ನು ಪದರ ಪದರವಾಗಿ ಜೋಡಿಸಿ, ಒಂದರ ಜೊತೆ ಇನ್ನೊಂದನ್ನು ಲೆಕ್ಕ ಹಾಕಿ ನೋಡುವುದು. 1960ರ ದಶಕದಲ್ಲಿ ಕೆನಡಾದಲ್ಲಿ ರೋಜರ್ ಟಾಮ್ಲಿನ್ಸನ್ ಇದನ್ನು ಶುರು ಮಾಡಿದ್ದು ದೇಶದ ಭೂಬಳಕೆಯ ಲೆಕ್ಕಕ್ಕೆ. ನಾವು ಪುರಾತತ್ವದವರು ಅದನ್ನು ಎರವಲು ತಂದವರು.

ನೆಲೆಗಳು ಹೇಗೆ ಸಿಗುತ್ತವೆ ಅಂತ ಸ್ವಲ್ಪ ಯೋಚನೆ ಮಾಡಿ. 1863ರ ಮೇ 30ರಂದು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರಿಗೆ ಮದ್ರಾಸಿನ ಹತ್ತಿರ ಪಲ್ಲಾವರಂನಲ್ಲಿ ಕಲ್ಲಿನ ಉಪಕರಣ ಸಿಕ್ಕಿದ್ದು ಜಲ್ಲಿ ತೆಗೆದ ಗುಂಡಿಯಲ್ಲಿ. ಇಂಗ್ಲೆಂಡಿನ ಬಾಕ್ಸ್‌ಗ್ರೋವ್, ಸುಮಾರು 5 ಲಕ್ಷ ವರ್ಷ ಹಳೆಯದು, ಅದೂ ಮರಳು ಜಲ್ಲಿ ಅಗೆಯುತ್ತಿದ್ದ ಜಾಗ. ಜರ್ಮನಿಯ ಶೋನಿಂಗನ್‌ನಲ್ಲಿ ಮರದ ಈಟಿಗಳು ಸಿಕ್ಕಿದ್ದು ಕಲ್ಲಿದ್ದಲ ಗಣಿಯಲ್ಲಿ. ಮೂರೂ ಕಡೆ ಯಾರೋ ಬೇರೆ ಕೆಲಸಕ್ಕೆ ನೆಲ ಬಗೆದಿದ್ದರು. ಅಗೆಯದೇ ಇದ್ದ ಕಡೆ ಏನಿದೆ? ಹತ್ತು ಮೀಟರ್ ಮಣ್ಣಿನ ಅಡಿಯಲ್ಲಿ ಇರುವುದು ಮೇಲೆ ನಡೆದು ಹೋಗುವವರ ಕಣ್ಣಿಗೆ ಬೀಳೋದಿಲ್ಲ.

ಅದಕ್ಕೇ ನಾನು ನನ್ನ ಹುಡುಗರಿಗೆ ಮೊದಲು ಹೇಳುವುದು ಒಂದೇ: ಸಿಕ್ಕಿದ್ದನ್ನು ಮಾತ್ರ ಗುರುತು ಮಾಡಬೇಡಿ, ನಡೆದ ದಾರಿಯನ್ನೂ ಗುರುತು ಮಾಡಿ. ಜಿಪಿಎಸ್ ಆನ್ ಇಟ್ಟುಕೊಂಡು ನಡೆದರೆ ಸಾಕು. ಏನೂ ಸಿಗದ ದಿನದ ದಾರಿಗೂ ಸಿಕ್ಕ ದಿನದ ದಾರಿಯಷ್ಟೇ ಬೆಲೆ ಇದೆ. ಎಲ್ಲಿ ಮಣ್ಣು ತೆರೆದಿತ್ತು, ಎಲ್ಲಿ ಹುಲ್ಲು ಮುಚ್ಚಿತ್ತು, ಅದೂ ಒಂದು ಪದರ. ಆಮೇಲೆ ನಾವು ನಿಜವಾಗಿ ನಡೆದು ನೋಡಿದ ಜಾಗದೊಳಗೆ ಮಾತ್ರ, ಸಿಕ್ಕ ನೆಲೆಗಳಷ್ಟೇ ಚುಕ್ಕೆಗಳನ್ನು ಕಂಪ್ಯೂಟರ್ ಕೈಯಲ್ಲಿ ಸುಮ್ನೆ ಎರಚಿಸಬೇಕು, ಒಂದು ಸಲ ಅಲ್ಲ, ಸಾವಿರ ಸಲ. ಹಾಗೆ ಎರಚಿದ ಚುಕ್ಕೆಗಳಿಗಿಂತ ನಮ್ಮ ನೆಲೆಗಳು ನದಿಗೆ ಜಾಸ್ತಿ ಹತ್ತಿರ ಬಂದರೆ, ಆಗ ನೀರಿನ ಮಾತು ಎತ್ತಬಹುದು. ಇಲ್ಲದಿದ್ದರೆ ಬಾಯಿ ಮುಚ್ಚಿಕೊಂಡು ಇನ್ನೂ ನಡೆಯಬೇಕು.

ನಡಿಗೆಯ ಲೆಕ್ಕವೂ ಇದರಲ್ಲಿ ಬರುತ್ತದೆ. 1970ರಲ್ಲಿ ವೀಟಾ-ಫಿಂಜಿ ಮತ್ತು ಹಿಗ್ಸ್ ಅನ್ನುವ ಇಬ್ಬರು ಸಂಶೋಧಕರು ಒಂದು ವಿಚಾರ ಮುಂದಿಟ್ಟರು: ಬೇಟೆಯಾಡಿ, ಆಯ್ದು ತಿನ್ನುವವರು ತಮ್ಮ ನೆಲೆಯಿಂದ ಹೆಚ್ಚುಕಡಿಮೆ ಎರಡು ಗಂಟೆ ನಡಿಗೆಯೊಳಗಿನ ನೆಲವನ್ನು ಬಳಸುತ್ತಾರೆ ಅಂತ. ಕಾಗದದ ಮೇಲೆ ಅದಕ್ಕೆ 10 ಕಿ.ಮೀ. ವೃತ್ತ ಎಳೆದರೆ ಆಯಿತು. ಆದರೆ ಗುಡ್ಡ ಅಡ್ಡ ಬಂದರೆ? ಭೂಗೋಳ ತಜ್ಞ ವಾಲ್ಡೋ ಟೋಬ್ಲರ್ 1993ರಲ್ಲಿ ಕೊಟ್ಟ ಸೂತ್ರದ ಪ್ರಕಾರ ಸಮತಟ್ಟಿನಲ್ಲಿ ವೇಗ ಗಂಟೆಗೆ ಸುಮಾರು 5 ಕಿ.ಮೀ., ಸಣ್ಣ ಇಳಿಜಾರಿನಲ್ಲಿ 6, ಕಡಿದಾದ ಕಡೆ ಏರುವಾಗಲೂ ಕಡಿಮೆ, ಇಳಿಯುವಾಗಲೂ ಕಡಿಮೆ. ಅದನ್ನು ಎತ್ತರದ ಪದರದ ಮೇಲೆ ಓಡಿಸಿದರೆ ವೃತ್ತ ಹೋಗಿ, ಕಣಿವೆಯುದ್ದಕ್ಕೆ ಬೆರಳು ಚಾಚಿದ ಅಂಗೈಯಂಥ ಆಕಾರ ಬರುತ್ತದೆ. ನನಗೆ ಇದನ್ನು ನೋಡೋದು ಈಗಲೂ ಖುಷಿ.

ಆದರೆ ಖುಷಿಯಲ್ಲಿ ಮರೆಯುವ ವಿಷಯ ಒಂದಿದೆ. ಆ ಎತ್ತರ ಇವತ್ತಿನದು! 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರಾಡಾರ್ ಬಳಸಿ ಅಳೆದ ಎತ್ತರವನ್ನು ನಾವು ಸಲೀಸಾಗಿ ಐದು ಲಕ್ಷ ವರ್ಷದ ಹಿಂದಕ್ಕೆ ತಳ್ಳುತ್ತೇವೆ. ನದಿ ಜಾಗ ಬದಲಿಸಿರುತ್ತದೆ, ಕಣಿವೆಯಲ್ಲಿ ಮಣ್ಣು ತುಂಬಿರುತ್ತದೆ, ಇಡೀ ಇಳಿಜಾರೇ ಕೊಚ್ಚಿ ಹೋಗಿರುತ್ತದೆ. ಜೊತೆಗೆ ಆ ಮಾಹಿತಿಯಲ್ಲಿ ಸುಮಾರು 30 ಮೀಟರ್ ಚೌಕಕ್ಕೆ ಒಂದೇ ಎತ್ತರ. ಸಣ್ಣ ಗುಹೆಯ ಬಾಯಿ ಅದರಲ್ಲಿ ಕಾಣೋದೇ ಇಲ್ಲ.

ಸಮುದ್ರದ್ದು ಇನ್ನೂ ದೊಡ್ಡ ಕಥೆ. ಸುಮಾರು 20,000 ವರ್ಷದ ಹಿಂದೆ ಹಿಮಯುಗ ತೀವ್ರವಾಗಿದ್ದಾಗ ಸಮುದ್ರ ಮಟ್ಟ ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು. ದಕ್ಷಿಣ ಆಫ್ರಿಕಾದ ಪಿನಾಕಲ್ ಪಾಯಿಂಟ್ ಗುಹೆಗಳು ಇವತ್ತು ಅಲೆಗಳ ಮುಖಕ್ಕೇ ಇವೆ. ಅಲ್ಲಿನ ಸಮುದ್ರತಳದ ಇಳಿಜಾರು ತುಂಬಾ ಕಡಿಮೆ. ಹಾಗಾಗಿ ನೀರು ಸ್ವಲ್ಪ ಇಳಿದರೂ ದಡ ಎಷ್ಟೋ ಕಿಲೋಮೀಟರ್ ದೂರ ಸರಿಯುತ್ತದೆ. ಸಂಶೋಧಕರು ಸಮುದ್ರತಳದ ಆಳದ ಪದರ ತೆಗೆದುಕೊಂಡು, ಸಮುದ್ರ ಮಟ್ಟದ ಏರಿಳಿತ ಸೇರಿಸಿ, ಯಾವ ಕಾಲಕ್ಕೆ ದಡ ಗುಹೆಯಿಂದ ಎಷ್ಟು ದೂರ ಇತ್ತು ಅಂತ ಲೆಕ್ಕ ಹಾಕಿದರು. ಅಲ್ಲಿ ಸುಮಾರು 1,64,000 ವರ್ಷ ಹಳೆಯ ಮಣ್ಣಿನ ಪದರದಲ್ಲಿ ತಿಂದು ಬಿಟ್ಟ ಚಿಪ್ಪುಗಳು ಸಿಕ್ಕಿವೆ. ದಡದ ದೂರ ಗೊತ್ತಾದ ಮೇಲೆ, ಚಿಪ್ಪು ಇಲ್ಲದ ಮಣ್ಣಿನ ಪದರ ಕಂಡರೆ ಅವರಿಗೆ ಚಿಪ್ಪು ತಿನ್ನಲು ಬರುತ್ತಿರಲಿಲ್ಲ ಅಂತ ಅವಸರ ಪಡಬೇಕಿಲ್ಲ. ದಡವೇ ನಡಿಗೆಗೆ ನಿಲುಕದಷ್ಟು ದೂರ ಹೋಗಿತ್ತೇನೋ!

ಅಗೆದ ಗುಂಡಿಯೊಳಗೂ ಇದೇ ಕೆಲಸ, ಅಳತೆ ಚಿಕ್ಕದು ಅಷ್ಟೆ. ಟೋಟಲ್ ಸ್ಟೇಷನ್ ಅನ್ನುವ ಅಳತೆಯ ಯಂತ್ರ ಇಟ್ಟು ಪ್ರತಿ ಕಲ್ಲಿನ ಚಕ್ಕೆಯ ಜಾಗ, ಆಳ, ಅದು ಯಾವ ದಿಕ್ಕಿಗೆ ಮಲಗಿದೆ ಅಂತ ಬರೆದುಕೊಳ್ಳುತ್ತೇವೆ. ಉದ್ದನೆಯ ಕಲ್ಲುಗಳೆಲ್ಲ ಒಂದೇ ದಿಕ್ಕಿಗೆ ಮಲಗಿದ್ದು, ಸಣ್ಣ ಚೂರುಗಳು ಮಾಯವಾಗಿದ್ದರೆ ಅನುಮಾನ ಪಡಿ, ಅದನ್ನೆಲ್ಲ ನೀರು ತಂದು ಹಾಕಿರಬಹುದು.

ನನ್ನದೇ ಒಂದು ಪೆದ್ದುತನ ಹೇಳಿಬಿಡುತ್ತೇನೆ. ಹಳೆ ಕಾಗದದ ನಕ್ಷೆಯಿಂದ ತೆಗೆದ ಅಕ್ಷಾಂಶ ರೇಖಾಂಶವನ್ನು ಹಾಗೇ ಜಿಪಿಎಸ್ ಬಿಂದುಗಳ ಜೊತೆ ಸೇರಿಸಿದ್ದೆ. ಭೂಮಿಯ ಆಕಾರಕ್ಕೆ ಎರಡೂ ಹಿಡಿದ ಲೆಕ್ಕ ಬೇರೆ. ನನ್ನ ನೆಲೆಗಳೆಲ್ಲ ಹೊಳೆ ದಾಟಿ ಆಚೆ ದಡಕ್ಕೆ ಹೋಗಿ ಕೂತಿದ್ದವು. ಎರಡು ವಾರ ಅದರ ಮೇಲೆ ವಾದ ಕಟ್ಟಿದ್ದೆ!

ಈಗ ಅದೇ ಮೊದಲಿನ ನಕ್ಷೆ, ನಡೆದ ದಾರಿಯ ಪದರದ ಜೊತೆ. ಬೂದು ಬಣ್ಣದ ಕಡೆ ಹೋಗಿದ್ದೇವೆ, ಏನೂ ಸಿಕ್ಕಿಲ್ಲ. ಬಿಳಿ ಇರುವ ಕಡೆ ಕಾಲೇ ಇಟ್ಟಿಲ್ಲ. ಬಿಳಿ ಎಷ್ಟು ಜಾಸ್ತಿ ಇದೆ ನೋಡಿ. ಇದನ್ನು ಹೀಗೇ ಪರದೆ ಮೇಲೆ ಬಿಟ್ಟಿರುತ್ತೇನೆ, ಪ್ರಶ್ನೆ ಕೇಳಿ.