ಹೀರೋ ಸತ್ತರೆ ಅದು ಗ್ರೀಕ್ ಟ್ರ್ಯಾಜಿಡಿ ಆಗುವುದಿಲ್ಲ

ನಮಸ್ಕಾರ. ಕಳೆದ ಸಂಚಿಕೆಯ ಸಿನಿಮಾದ ಬಗ್ಗೆ ಒಬ್ಬರು ಪ್ರತಿಕ್ರಿಯೆ ಬರೆದಿದ್ದಾರೆ: ‘ಕೊನೆಯಲ್ಲಿ ಹೀರೋ ಸಾಯುತ್ತಾನೆ, ಹಾಗಾಗಿ ಇದು ಪಕ್ಕಾ ಗ್ರೀಕ್ ಟ್ರ್ಯಾಜಿಡಿ.’ ಅದಕ್ಕೆ ಮೆಚ್ಚುಗೆಗಳ ಸುರಿಮಳೆ ಬೇರೆ! ಎರಡು ದಿನದಿಂದ ಅದೇ ಮಾತು ತಲೆಯಲ್ಲಿ ಕುಟ್ಟುತ್ತಿದೆ.

ಸ್ವಾಮಿ, ತಿಳಿಯದೆ ತಂದೆಯನ್ನು ಕೊಂದು ತಾಯಿಯನ್ನೇ ಮದುವೆಯಾದ ಈಡಿಪಸ್ ಸಾಯುವುದಿಲ್ಲ. ಗ್ರೀಕ್ ನಾಟಕಕಾರ ಸೋಫೋಕ್ಲಿಸನ ನಾಟಕ ಮುಗಿಯುವಾಗ ಅವನು ಕಣ್ಣು ಕಿತ್ತುಕೊಂಡು ಜೀವಂತ ನಿಂತಿದ್ದಾನೆ. ತಂದೆಯ ಕೊಲೆಗೆ ಸೇಡಾಗಿ ತಾಯಿಯನ್ನು ಕೊಂದ ಒರೆಸ್ಟಿಸ್ ಕೂಡ ಸಾಯುವುದಿಲ್ಲ. ಕ್ರಿ.ಪೂ. 458ರಲ್ಲಿ ಅಥೆನ್ಸಿನ ರಂಗಕ್ಕೆ ಬಂದ ಈಸ್ಕಿಲಸನ ನಾಟಕತ್ರಯದ ಕೊನೆಗೆ ನ್ಯಾಯಾಲಯ ಅವನನ್ನು ಖುಲಾಸೆ ಮಾಡುತ್ತದೆ. ಗ್ರೀಕರಿಂದ ಸಿನಿಮಾ ಪಡೆದದ್ದು ಸಾವನ್ನಲ್ಲ, ತಿಳಿವನ್ನು. ತಾನು ಯಾರು, ತನ್ನ ಕೈಯಿಂದ ಏನಾಯಿತು ಎಂದು ಗೊತ್ತಾಗುವ ಆ ಗಳಿಗೆಯನ್ನು.

2010ರ ‘ಇನ್ಸೆಂಡೀಸ್’ ತೆಗೆದುಕೊಳ್ಳಿ. ನೋಡಿಲ್ಲದವರು ವಿಡಿಯೊ ಇಲ್ಲೇ ನಿಲ್ಲಿಸಿ, ಮೊದಲು ಅದನ್ನು ನೋಡಿ ಬನ್ನಿ. ವಾಜ್ದಿ ಮುವಾವದ್ ಅವರ ನಾಟಕವನ್ನು ಡೆನಿ ವಿಲ್ನವ್ ತೆರೆಗೆ ತಂದ ಚಿತ್ರ ಅದು. ಕೂಸು ಹುಟ್ಟಿದ ಕೂಡಲೇ ಅಜ್ಜಿ ಅದರ ಹಿಮ್ಮಡಿಗೆ ಮೂರು ಚುಕ್ಕೆಗಳ ಹಚ್ಚೆ ಹಾಕುತ್ತಾಳೆ, ಆಮೇಲೆ ಕೂಸು ತಾಯಿಯಿಂದ ದೂರವಾಗುತ್ತದೆ. ಎಷ್ಟೋ ವರ್ಷಗಳ ಮೇಲೆ, ಕೆನಡಾದ ಈಜುಕೊಳದಲ್ಲಿ, ನೀರಿನಲ್ಲಿರುವ ತಾಯಿಗೆ ಅಂಚಿನಲ್ಲಿ ನಿಂತವನ ಹಿಮ್ಮಡಿ ಕಾಣುತ್ತದೆ. ಮೂರು ಚುಕ್ಕೆ. ಮಗ ಸಿಕ್ಕ! ಮೇಲೆದ್ದು, ಸುತ್ತಿ ಬಂದು, ಮುಖ ನೋಡುತ್ತಾಳೆ. ಸೆರೆಮನೆಯಲ್ಲಿ ತನ್ನ ಮೇಲೆ ಅತ್ಯಾಚಾರ ಮಾಡಿದವನ ಮುಖ. ಅವಳು ಚೀರುವುದಿಲ್ಲ, ಅವಳ ಮಾತೇ ನಿಂತುಹೋಗುತ್ತದೆ.

ಈಡಿಪಸ್ ಎಂದರೆ ‘ಊದಿದ ಪಾದದವನು’. ಹಸುಗೂಸಿನ ಕಣಕಾಲು ಚುಚ್ಚಿ ಬೆಟ್ಟದಲ್ಲಿ ಬಿಡಿಸಿದ್ದರು. ಸುಮಾರು ಎರಡೂವರೆ ಸಾವಿರ ವರ್ಷ ಕಳೆದರೂ ಗುರುತು ಕಾಲಿನಲ್ಲೇ ಉಳಿದಿದೆ!

‘ಟ್ರ್ಯಾಜಿಡಿ ಎಂದರೆ ನಾಯಕನ ಪತನ ಎಂದು ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಹೇಳಿದ್ದಾನಲ್ಲ’ ಎನ್ನುವವರಿದ್ದಾರೆ. ಪೂರ್ತಿ ಓದಿ. ಅದೃಷ್ಟ ತಿರುಗುವುದೂ ಸತ್ಯ ತಿಳಿಯುವುದೂ ಒಟ್ಟಿಗೇ ಸಂಭವಿಸಿದ್ದಕ್ಕೆ ಅವನು ಈಡಿಪಸನ ನಾಟಕವನ್ನು ಮೆಚ್ಚಿದ್ದು. ಇನ್ನು ‘ನಿರ್ದೇಶಕರೆಲ್ಲ ಸೋಫೋಕ್ಲಿಸನನ್ನು ಓದಿದ್ದಾರೆಯೇ’ ಎಂಬ ಪ್ರಶ್ನೆ. ಅಜ್ಜಿಯ ಅಡುಗೆಯ ರುಚಿ ಮನೆಗೆ ಇಳಿದು ಬರಲು ಅಜ್ಜಿಯ ಜಾತಕ ಬೇಕೇ?

ನಮ್ಮಲ್ಲಿ ‘ದುರಂತ’ ಎಂಬ ಪದವೇ ದಾರಿ ತಪ್ಪಿಸಿದೆ, ಎಲ್ಲರೂ ಅಂತ್ಯವನ್ನೇ ನೋಡುತ್ತಾರೆ. ಬಿ.ಎಂ.ಶ್ರೀ ಬಳಸಿದ ‘ರುದ್ರನಾಟಕ’ ಎಷ್ಟು ಒಳ್ಳೆಯ ಮಾತು! ಸೋಫೋಕ್ಲಿಸನ ‘ಏಜಾಕ್ಸ್’ ಅವರ ಕೈಯಲ್ಲಿ ‘ಅಶ್ವತ್ಥಾಮನ್’ ಆಯಿತು. ಅದರ ನಾಯಕ, ಗ್ರೀಕ್ ವೀರ ಏಜಾಕ್ಸ್, ಕತ್ತಿಯ ಮೇಲೆ ಬಿದ್ದು ಸಾಯುತ್ತಾನಲ್ಲ ಎಂದು ಈಗಲೇ ಬೆರಳು ಎತ್ತಬೇಡಿ. ಹುಚ್ಚು ಇಳಿದ ಮೇಲೆ, ತಾನು ಕಡಿದದ್ದು ಶತ್ರುಗಳನ್ನಲ್ಲ, ದನಕುರಿಗಳನ್ನು ಎಂದು ಕಂಡಾಗಲೇ ಅವನು ಮುಗಿದುಹೋಗಿದ್ದ. ಕತ್ತಿ ಆಮೇಲಿನ ಮಾತು.

2003ರ ಕೊರಿಯನ್ ಚಿತ್ರ ‘ಓಲ್ಡ್‌ಬಾಯ್’ನಲ್ಲಿ, ತಾನು ಪ್ರೀತಿಸಿದವಳು ಯಾರೆಂದು ತಿಳಿದವನು ನಾಲಗೆ ಕತ್ತರಿಸಿಕೊಳ್ಳುತ್ತಾನೆ. ಸಾಯುತ್ತಾನೆಯೇ? ಇಲ್ಲ! ತಿಳಿವು, ತಿಳಿವು, ತಿಳಿವು! ಇನ್ನು ಹೇಗೆ ಹೇಳಲಿ?

ಮುಂದಿನ ವಾರ ಇಫಿಜೀನಿಯಾಳ ಕತೆಗೆ ಬರುತ್ತೇನೆ. ಚಂದಾದಾರರಾಗಿಲ್ಲದಿದ್ದರೆ ಆಗಿ. ನಿಮ್ಮನ್ನು ಕಾಡಿದ ಚಿತ್ರ ಯಾವುದು ಬರೆಯಿರಿ, ಅದರಲ್ಲಿ ಯಾರಿಗೆ ಏನು ತಿಳಿಯಿತು ಎಂಬುದನ್ನೂ ಬರೆಯಿರಿ. ‘ಹೀರೋ ಸತ್ತ’ ಎಂದಷ್ಟೇ ಬರೆದರೆ ನಾನು ಉತ್ತರಿಸುವುದಿಲ್ಲ.